ಕುಂಡ್ರಾಕ ಜಾಗಾ

ಊರಿನ ಹೆಸರು ಹೇಳುವುದಿಲ್ಲ. ಇಂಡಿಯವರು ಇದನ್ನು ಸಿಂದಗಿಯ ಕಥೆ ಅಂದುಕೊಳ್ಳಲಿ, ಸಿಂದಗಿಯವರು ಬಸವನ ಬಾಗೇವಾಡಿಯದು ಅನ್ನಲಿ, ಬಾಗೇವಾಡಿಯವರು ಮುದ್ದೇಬಿಹಾಳದ ಕಡೆ ಕೈ ತೋರಿಸಲಿ. ಆ ನಾಲ್ಕರಲ್ಲಿ ಒಂದು ಊರು, ಎಪ್ಪತ್ತರ ದಶಕ, ನಾನು ತಂಗಡಗಿಯಿಂದ ಅಲ್ಲಿಗೆ ಸೊಸೆಯಾಗಿ ಹೋದ ಹೊಸತು. ಅಷ್ಟು ಗೊತ್ತಿದ್ದರೆ ಸಾಕು.

ಹೆಣ್ಣು ನೋಡಲು ಬಂದವರು ನನ್ನ ಅಪ್ಪನಿಗೆ, "ಮನಿ ಹಿಂದ ದೊಡ್ಡ ಬಯಲೈತ್ರಿ, ಗಾಳಿ ಛಲೋ ಬರತೈತಿ" ಅಂದಿದ್ದರು. ಸುಳ್ಳೇನಲ್ಲ. ಗಾಳಿ ಬರುತ್ತಿತ್ತು. ಬಯಲು ಯಾವುದರದು ಎಂದು ಹೇಳುವುದನ್ನು ಮಾತ್ರ ಮರೆತಿದ್ದರು. ಮದುವೆಯಾಗಿ ಹೋದ ಮರುದಿನ ಹಿತ್ತಲ ಬಾಗಿಲು ತೆಗೆದರೆ ಎದೆಯೆತ್ತರದ ಮಣ್ಣಿನ ಗೋಡೆ, ಗೋಡೆಯಾಚೆ ಕಣ್ಣು ಹಾಯುವವರೆಗೂ ಗೋರಿಗಳು. ಬಾಗಿಲು ಹಾಕಿಕೊಂಡು ಒಳಗೆ ಬಂದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆ, "ಅಂಜಬ್ಯಾಡ. ಅವರ್ಯಾರೂ ಈ ಕಡಿ ಬರಂಗಿಲ್ಲ. ನಾವ ಆ ಕಡಿ ಹೋಗೂದು" ಅಂದರು.

ಸ್ಮಶಾನ ಬಹಳ ಹಳೆಯದು. ಬಾದಶಹರ ಕಾಲದ ಕರಿಕಲ್ಲಿನ ಗೋರಿಗಳು ಒಂದು ಕಡೆ, ಲಿಂಗಾಯತರ ಸಮಾಧಿಗಳು ಇನ್ನೊಂದು ಕಡೆ, ಯಾರದೆಂದು ಗೊತ್ತಿಲ್ಲದ ವೀರಗಲ್ಲುಗಳು ಬೇಲಿಯ ಬುಡದಲ್ಲಿ, ಎಲ್ಲದರ ನಡುವೆ ಎತ್ತರದ ಗಚ್ಚಿನ ಕಟ್ಟೆಯ ಕೆಳಗೆ ಒಬ್ಬ ಇಂಗ್ರೇಜಿ ಸಾಹೇಬ. ಕಂಪನಿ ಸರಕಾರದ ಕಾಲದಲ್ಲಿ ಕಂದಾಯ ವಸೂಲಿಗೆ ಬಂದವನು ಕಾಲರಾ ತಗಲಿ ಅಲ್ಲೇ ಉಳಿದನಂತೆ. ಅವನ ಕಟ್ಟೆಯ ಮೇಲೆ ಮಧ್ಯಾಹ್ನ ಇಸ್ಪೀಟು ನಡೆಯುತ್ತಿತ್ತು. ಚಪ್ಪಟೆ ಗೋರಿಗಳ ಮೇಲೆ ಬೇಸಿಗೆಯಲ್ಲಿ ನಾವು ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕುತ್ತಿದ್ದೆವು. ಸಂತೆಗೆ ಹೋಗುವವರಿಗೆ ಅದೇ ಅಡ್ಡದಾರಿ. ಬಳೆ ಮಾರುವ ಮುದುಕ ಸಾಬರು ತಮ್ಮ ಅಜ್ಜನ ಗೋರಿಗೆ ಬೆನ್ನು ಕೊಟ್ಟು, ಬಳೆಯ ಗಂಟು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದರು. ಅಂದರೆ ಊರಿನ ಮಟ್ಟಿಗೆ ಅದು ಆಗಲೇ ಉದ್ಯಾನ. ಹಾಗೆಂದು ಫಲಕ ಬರೆಸಿರಲಿಲ್ಲ, ಅಷ್ಟೇ ಕೊರತೆ.

ನಮ್ಮ ಮಾವನವರ ಸಮಾಧಿ ಇದ್ದದ್ದು ನಮ್ಮ ಹಿತ್ತಲ ಗೋಡೆಗೆ ಹತ್ತಿಕೊಂಡೇ, ಒಂದು ಬೇವಿನ ಮರದ ಕೆಳಗೆ. ಅವರನ್ನು ನಾನು ನೋಡಿಲ್ಲ. ಕೇಳಿದ ಪ್ರಕಾರ ಆರಡಿ ಆಳು, ಸಂತೆಯಲ್ಲಿ ದನದ ದಲ್ಲಾಳಿ, ಓಡುವ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸುತ್ತಿದ್ದವರು. ಆದರೆ ಕತ್ತಲೆಗೆ ಅಂಜುತ್ತಿದ್ದರು. ದೀಪ ಹಚ್ಚಿದ ಮೇಲೆ ಹಿತ್ತಲಿಗೆ ಹೋಗಬೇಕಾದರೂ ಅತ್ತೆ ಕಂದೀಲು ಹಿಡಿದು ಹಿಂದೆ ನಿಲ್ಲಬೇಕು, ನಿಂತು ಆಗಾಗ ಕೆಮ್ಮಬೇಕು, ಇದ್ದಾಳೆ ಎಂದು ಗೊತ್ತಾಗುವ ಹಾಗೆ. ಈ ಗುಟ್ಟು ಹೋರಿಗಳಿಗಾಗಲಿ ಊರವರಿಗಾಗಲಿ ತಿಳಿಯದಂತೆ ಅತ್ತೆ ಸಂಸಾರ ಮಾಡಿದ್ದರು. ಮಾವ ತೀರಿಕೊಂಡ ದಿನ ಅತ್ತೆ ಕುಣಿ ತೋಡುವವರ ಹತ್ತಿರ ತಾವೇ ಹೋಗಿ, ಎಡಕ್ಕೆ ಒಬ್ಬರಿಗಾಗುವಷ್ಟು ಜಾಗ ಬಿಡಿಸಿ ತೋಡಿಸಿದರಂತೆ. ಆ ಜಾಗ ಅವರದು. ಅಂದಿನಿಂದ ದಿನಾ ಸಂಜೆ ಗೋಡೆಯ ಮೇಲಿಂದ ಕೈ ಚಾಚಿ ಬೇವಿನ ಟೊಂಗೆಗೆ ಕಂದೀಲು ತೂಗುಹಾಕುತ್ತಿದ್ದರು. ಸೀಮೆಎಣ್ಣೆಗೆ ಸಾಲು ಹಚ್ಚಿ ನಿಲ್ಲುವ ಕಾಲದಲ್ಲಿ ಇದೆಂಥ ದುಂದು ಎಂದು ನಾನು ಒಮ್ಮೆ ಗೊಣಗಿದೆ. "ಈಗ ಒಬ್ಬರ ಅದಾರ, ಅದಕ್ಕ. ನಾ ಹೋದ ಮ್ಯಾಲ ಕಂದೀಲ ಬೇಕಾಗಂಗಿಲ್ಲ" ಅಂದರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕುಳ್ಳಿರಿಸಿ ಹೂಳುತ್ತಾರೆ. ಹೀಗಾಗಿ ಅತ್ತೆ ಆ ಜಾಗಕ್ಕೆ 'ನನ್ನ ಕುಂಡ್ರು ಜಾಗಾ' ಎನ್ನುತ್ತಿದ್ದರು, ಬೇರೆಯವರು ನನ್ನ ಎಮ್ಮೆ, ನನ್ನ ಬಾವಿ ಎನ್ನುವ ಹಾಗೆ. ಅಲ್ಲಿ ಒಂದು ಬೇವಿನ ಕಡ್ಡಿ ಬಿದ್ದರೂ ನನ್ನನ್ನು ಕಸಬರಿಗೆ ಕೊಟ್ಟು ಗೋಡೆ ದಾಟಿಸುತ್ತಿದ್ದರು. ದಿನಾ ಬೆಳಿಗ್ಗೆ ಎದ್ದು ಅತ್ತೆಯ ಸಮಾಧಿಯ ಜಾಗ ಗುಡಿಸುವ ಭಾಗ್ಯ ಎಷ್ಟೋ ಸೊಸೆಯರಿಗೆ ಕನಸಿನಲ್ಲಿ ಮಾತ್ರ ಸಿಗುತ್ತದೆ. ನನಗೆ ಎಚ್ಚರದಲ್ಲೇ ಸಿಕ್ಕಿತ್ತು.

ಇನ್ನು ನನ್ನ ಗಂಡ. ಪುರಸಭೆಯಲ್ಲಿ ಕಾರಕೂನರು. ಹೋರಿಯ ಕೊಂಬು ಹಿಡಿಯುವ ಅಪ್ಪನಿಗೆ ಇಷ್ಟು ಮೆತ್ತಗಿನ ಮಗ ಹೇಗೆ ಹುಟ್ಟಿದನೋ ಆ ಶಿವನಿಗೇ ಗೊತ್ತು. ಅವರ ಬಾಯಲ್ಲಿ ಎರಡೇ ಮಾತು ಇದ್ದವು. ಕಚೇರಿಯಲ್ಲಿ 'ಹೌದ್ರಿ', ಮನೆಯಲ್ಲಿ 'ನೋಡೋಣಂತ'. ಈ ಎರಡರಲ್ಲಿ ಅವರು ಇಡೀ ಸಂಸಾರ, ಇಡೀ ನೌಕರಿ ಸಾಗಿಸಿದ್ದರು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಸುಮಾರಿಗೆ ಪುರಸಭೆಗೆ ಹೊಸ ಮುಖ್ಯಾಧಿಕಾರಿ ಬಂದರು. ಮೈಸೂರು ಕಡೆಯವರು. ಒಳ್ಳೆಯವರೇ. ಲಂಚ ಮುಟ್ಟುತ್ತಿರಲಿಲ್ಲ. ಲಂಚ ಮುಟ್ಟದ ಅಧಿಕಾರಿಯ ತೊಂದರೆ ಏನೆಂದರೆ ಅವರ ಕೈಗೆ ಬೇರೆ ಏನಾದರೂ ಕೆಲಸ ಬೇಕಾಗುತ್ತದೆ. ಅವರು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ: ವಿಲಾಯತಿಯ ದೊಡ್ಡ ಪಟ್ಟಣಗಳಲ್ಲಿ ಹಳೆಯ ಸ್ಮಶಾನಗಳನ್ನು ಉದ್ಯಾನ ಮಾಡುತ್ತಾರೆ, ಒಳಗೊಂದು ವಸ್ತುಸಂಗ್ರಹಾಲಯ ಇಡುತ್ತಾರೆ, ಜನ ಸಂಜೆ ಹೆಂಡತಿ ಮಕ್ಕಳೊಂದಿಗೆ ಬಂದು ಗೋರಿಗಳ ನಡುವೆ ತಿರುಗಾಡಿ ಸಂತೋಷಪಡುತ್ತಾರೆ. ನಮ್ಮ ಊರಿನವರೂ ಹಾಗೆ ಸಂತೋಷಪಡಬೇಕೆಂದು ಅವರು ತೀರ್ಮಾನಿಸಿದರು. ಸಭೆಯಲ್ಲಿ 'ಪರಂಪರೆ, ಪರಂಪರೆ' ಎಂದು ಹತ್ತಾರು ಸಲ ಅಂದಾಗ, ಒಬ್ಬ ಸದಸ್ಯರು ಅದು ಯಾವ ಊರಿನ ಗುತ್ತಿಗೆದಾರನ ಹೆಸರೆಂದು ನನ್ನ ಗಂಡನ ಕಿವಿಯಲ್ಲಿ ಕೇಳಿದರಂತೆ. ಠರಾವು ಮಾತ್ರ ಎಲ್ಲರ ಕೈ ಎತ್ತಿಸಿ ಪಾಸಾಯಿತು.

ಆ ಠರಾವಿನ ಬಾಲದಲ್ಲಿ ಒಂದು ಮುಳ್ಳಿತ್ತು. ಉದ್ಯಾನ ಉದ್ಘಾಟನೆಯಾದ ದಿನದಿಂದ ಅಲ್ಲಿ ಯಾರನ್ನೂ ಹೂಳುವಂತಿಲ್ಲ. ಸಾಯುವವರಿಗೆ ಬಿಜಾಪುರದ ರಸ್ತೆಗೆ, ಹಳ್ಳದ ಆಚೆ, ಒಂದು ಗಿಡವೂ ಇಲ್ಲದ ಗರಸು ಭೂಮಿ ಗೊತ್ತುಮಾಡಿದ್ದರು. ಗಂಡ ಊಟಕ್ಕೆ ಕೂತಾಗ ನೆಲ ನೋಡುತ್ತ ಈ ಸುದ್ದಿ ಹೇಳಿದರು.

"ಹೂಳೂದು ಬಂದ್ ಅಂದ್ರ?" ಅಂದರು ಅತ್ತೆ.

"ಬಂದ್ ಅಂದ್ರ ಬಂದ್ ಬೇ. ಪಾರ್ಕ್ ಮುಗಿದ ದಿನದಿಂದ."

"ಹಂಗಾರ ಅದು ಮುಗಿಯೂದ್ರೊಳಗ ನಾ ಮುಗೀಬೇಕೇನು?"

"ನೋಡೋಣಂತ" ಅಂದರು ನನ್ನ ಗಂಡ. ಅತ್ತೆ ತಾಟಿಗೆ ಪಲ್ಯ ಬಡಿಸುತ್ತಿದ್ದ ಸೌಟನ್ನು ಎತ್ತಿ ಹಿಡಿದವರು ನನ್ನ ಮುಖ ನೋಡಿ ಕೆಳಗಿಟ್ಟರು.

ಕೆಲಸ ಶುರುವಾಯಿತು. ಮೊದಲು ಇಸ್ಪೀಟಿನವರನ್ನು ಓಡಿಸಿ ಇಂಗ್ರೇಜಿ ಸಾಹೇಬನ ಕಟ್ಟೆಗೆ ಸುಣ್ಣ ಬಳಿದು, ಸುತ್ತ ಕಬ್ಬಿಣದ ಸರಪಳಿ ಹಾಕಿದರು. ಬಳೆ ಸಾಬರಿಗೆ ಅವರ ಅಜ್ಜನಿಗೆ ಒರಗಬಾರದೆಂದು ತಾಕೀತಾಯಿತು. "ನನ್ನ ಅಜ್ಜಾಗ ನಾ ಒರಗಿದ್ರ ಇವರಿಗೆಲ್ಲಿ ನೋವಾಕ್ಕೈತ್ರಿ?" ಎಂದು ಅವರು ನಮ್ಮ ಅತ್ತೆಯ ಹತ್ತಿರ ಕೇಳಿದರು. ನಮ್ಮ ಹಪ್ಪಳ ಸಂಡಿಗೆ ಮಾಳಿಗೆ ಏರಿದವು. ಮುಖ್ಯಾಧಿಕಾರಿ ಸಾಹೇಬರು ಕೋಲು ಹಿಡಿದು ಓಡಾಡಿ, ಯಾವುದು ಪರಂಪರೆ, ಯಾವುದು ಅಲ್ಲ ಎಂದು ವಿಂಗಡಿಸಿದರು. ನೂರಾರು ವರ್ಷದ ಹಿಂದೆ ಸತ್ತವರು ಪರಂಪರೆ. ಮೊನ್ನೆ ಮೊನ್ನೆ ಸತ್ತವರು ಅತಿಕ್ರಮಣ. ಕಂದಾಯ ಕೀಳಲು ಬಂದು ಸತ್ತವನಿಗೆ ಸರಪಳಿಯ ಗೌರವ ಸಿಕ್ಕಿತು, ಅದೇ ಊರಿನ ದನದ ದಲ್ಲಾಳಿಗೆ 'ಇರಲಿ ಬಿಡಿ, ಒಂದು ಬಳ್ಳಿ ಹಬ್ಬಿಸಿದರೆ ಕಾಣೋದಿಲ್ಲ' ಎಂಬ ಕ್ಷಮೆ ಸಿಕ್ಕಿತು. ನಾನು ಗೋಡೆಯ ಈಚೆ ಪಾತ್ರೆ ತಿಕ್ಕುತ್ತ ಎಲ್ಲ ಕೇಳಿಸಿಕೊಂಡೆ.

ಹೂಗಿಡ ಹಚ್ಚಲು ನೆಲ ಅಗೆದರೆ ಬರೀ ಗರಸು. ಒಳ್ಳೆಯ ಎರೆಮಣ್ಣು ಬೇಕು. ಊರವರೇ ತಲೆಗೊಂದು ಬುಟ್ಟಿ, ಗಾಡಿಯಿದ್ದವರು ಗಾಡಿ ಮಣ್ಣು ತಂದುಕೊಟ್ಟರೆ ಶ್ರಮದಾನವೂ ಆಯಿತು, ಕೆಲಸವೂ ಆಯಿತು ಎಂದು ಸಾಹೇಬರಿಗೆ ಹೊಳೆಯಿತು. ಡಂಗುರ ಸಾರಿಸುವ ಮಾತನ್ನು ತಾವೇ ಹೇಳಿ ಬರೆಸಿದರು: 'ನಾಳೆ ಬೆಳಿಗ್ಗೆ ಸಾರ್ವಜನಿಕರೆಲ್ಲರೂ ಹಳೆಯ ಸ್ಮಶಾನಕ್ಕೆ ಬಂದು ಮಣ್ಣು ಕೊಡತಕ್ಕದ್ದು.'

ನಮ್ಮ ಕಡೆ ಮಣ್ಣು ಕೊಡುವುದೆಂದರೆ ಒಂದೇ ಅರ್ಥ. ಸತ್ತವರನ್ನು ಕುಣಿಗಿಳಿಸಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಹಾಕುತ್ತಾರಲ್ಲ, ಅದು. ಬರೆದುಕೊಳ್ಳುತ್ತಿದ್ದ ನನ್ನ ಗಂಡನ ಕೈ ನಿಂತಿತು. ಜನ್ಮದಲ್ಲಿ ಮೊದಲ ಸಲ ಅವರು 'ಹೌದ್ರಿ' ಬಿಟ್ಟು ಬೇರೆ ಮಾತಾಡಿದರು.

"ಸಾಹೇಬ್ರ, ಮಣ್ಣ ಕೊಡೂದು ಅಂದ್ರ ನಮ್ಮ ಕಡಿ ಬ್ಯಾರೇನ ಆಕ್ಕೈತ್ರಿ."

"ಮಣ್ಣು ಅಂದ್ರೆ ಮಣ್ಣು ಕಣ್ರೀ. ಕೊಡೋದು ಅಂದ್ರೆ ಕೊಡೋದು. ಶುದ್ಧ ಕನ್ನಡ. ಇದರಲ್ಲಿ ಎರಡನೇ ಅರ್ಥ ಎಲ್ಲಿಂದ ಬಂತು? ಬರೀರಿ."

"ಹೌದ್ರಿ" ಅಂದು ಬರೆದರು.

ಸಂಜೆ ಹಲಗೆ ಬಾರಿಸಿಕೊಂಡು ಡಂಗುರದವನು ನಮ್ಮ ಓಣಿಗೂ ಬಂದ. "ಕೇಳ್ರಪೋ ಕೇಳ್ರಿ. ನಾಳಿ ಮುಂಜಾನಿ ಮಂದಿ ಎಲ್ಲಾರೂ ಹಳೀ ಸ್ಮಶಾನಕ್ಕ ಮಣ್ಣ ಕೊಡಾಕ ಬರಬೇಕಂತ, ಪುರಸಭಾದಾವ್ರ ಹುಕುಂ ಐತಿ." ಜನ ಬಾಗಿಲಿಗೆ ಬಂದು ನಿಂತರು. ಪುರಸಭೆಯೇ ಡಂಗುರ ಹೊಡೆಸಿ ಮಣ್ಣಿಗೆ ಕರೆಯುತ್ತದೆ ಎಂದರೆ ಹೋದವರು ಸಾಮಾನ್ಯರಲ್ಲ. ಹಾಗಾದರೆ ಯಾರು? ಪುರಸಭೆಯ ಅಧ್ಯಕ್ಷರು ಹೊಟ್ಟೆನೋವೆಂದು ಮಿರಜದ ದವಾಖಾನೆಗೆ ಹೋಗಿ ಎಂಟು ದಿನದ ಮೇಲಾಗಿತ್ತು. ದೊಡ್ಡ ಲಿಂಬೆ ತೋಟದ ಮುದುಕ ಧಣಿ. ಇನ್ನು ಹೇಳುವುದೇನಿದೆ. ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಅವರನ್ನು ಸಾಯಿಸಿ ಮುಗಿಸಿತ್ತು.

ಮರುದಿನ ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯಲಿಲ್ಲ. ಆಲಮೇಲದಿಂದ ಅವರ ಬೀಗರು ಟೆಂಪೋ ಮಾಡಿಕೊಂಡು ಅಳುತ್ತ ಬಂದರು. ಭಜನೆಯವರು ತಾಳ, ದಮ್ಮಡಿ ತಂದರು. ಸ್ಮಶಾನದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮಂದಿ. ನಮ್ಮ ಸಾಹೇಬರು ಇಷ್ಟೊಂದು ನಾಗರಿಕ ಪ್ರಜ್ಞೆಯನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡರು. ಮೈಸೂರಿನಲ್ಲೂ ಇಂಥ ಜನ ಇಲ್ಲ ಎಂದು ನನ್ನ ಗಂಡನಿಗೆ ಹೇಳಿದರಂತೆ. ಬುಟ್ಟಿ ಮಾತ್ರ ಯಾರ ತಲೆಯ ಮೇಲೂ ಇರಲಿಲ್ಲ. ಜನ ಸಾಲಾಗಿ ಬಂದು, ಸಾಹೇಬರು ಹೂವಿನ ಮಡಿಗೆಂದು ತೋಡಿಸಿದ್ದ ಗುಂಡಿಯನ್ನು ಇಣುಕಿ, ಒಳಗೆ ಯಾರೂ ಇಲ್ಲದ್ದನ್ನು ಕಂಡು ಮುಖ ಮುಖ ನೋಡಿಕೊಂಡು, ಆದರೂ ಬಂದ ತಪ್ಪಿಗೆ ಒಂದು ಹಿಡಿ ಮಣ್ಣು ಹಾಕಿ 'ಶಿವ ಶಿವಾ' ಎಂದು ಕೈ ಝಾಡಿಸಿಕೊಂಡು ಸರಿಯುತ್ತಿದ್ದರು.

ಅಷ್ಟರಲ್ಲಿ ಸತ್ತವರು ಬೆಳಗಿನ ಬಸ್ಸಿಗೆ ಬಂದಿಳಿದರು. ಮುಚ್ಚಿದ ಅಂಗಡಿಗಳನ್ನು ನೋಡಿ, ಮಂದಿ ಹೊರಟ ದಿಕ್ಕು ಹಿಡಿದು, ಕೈಚೀಲದೊಂದಿಗೆ ನೇರ ಸ್ಮಶಾನಕ್ಕೇ ಬಂದು ಒಬ್ಬನ ಹೆಗಲು ಮುಟ್ಟಿ ಕೇಳಿದರು.

"ಯಾರ ಹೋದ್ರೋ ತಮ್ಮಾ?"

ಅವನು ತಿರುಗಿ ನೋಡಿ ಹೌಹಾರಿದ. "ಧಣೇರ, ನೀವ್ರಿ."

"ನಾನಾ?"

"ಹೌದ್ರಿ. ಡಂಗುರಾ ಸಾರ್ಯಾರ್ರಿ."

ಧಣಿಗಳು ಸಿಟ್ಟಾಗಲಿಲ್ಲ. ಕೈಚೀಲ ಕೆಳಗಿಟ್ಟು, ಸುತ್ತಲೂ ನಿಧಾನವಾಗಿ ಕಣ್ಣಾಡಿಸಿದರು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎನ್ನುವುದನ್ನು ಅವತ್ತು ನೋಡಿಕೊಂಡದ್ದು ಅವರಿಗೆ ಮುಂದಿನ ಚುನಾವಣೆಗೂ ಉಪಯೋಗಕ್ಕೆ ಬಂತು. ತಮ್ಮ ಮಣ್ಣಿಗೆ ತಾವೇ ಬರುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಅಂದಿನಿಂದ ಸ್ಮಶಾನದ ವಿಷಯ ಬಂದರೆ ಅವರು ಮೈಯೆಲ್ಲ ಕಿವಿಯಾಗುತ್ತಿದ್ದರು.

ಅತ್ತೆಯೂ ಮಣ್ಣು ಕೊಡಲು ಹೋಗಿದ್ದರು. ನಾನು ಅವರ ಹಿಂದೆ. ಧಣಿಗಳು ಬದುಕಿದ್ದಾರೆಂದು ಖಾತ್ರಿಯಾದ ಮೇಲೆ ಅತ್ತೆ ಸೀದಾ ಸಾಹೇಬರ ಮುಂದೆ ಹೋಗಿ ನಿಂತರು. ಸೆರಗು ಸರಿಮಾಡಿಕೊಂಡು ಬೇವಿನ ಮರದ ಕಡೆ ಕೈ ಮಾಡಿದರು.

"ಸಾಹೇಬ್ರ, ನಾ ನಿಮ್ಮ ಕಾರಕೂನನ ತಾಯಿ. ಅಲ್ಲಿ ನಮ್ಮ ಮಾಲಕರದಾರ. ಅವರ ಬಾಜೂಕ ನನಗ ಕುಂಡ್ರಾಕ ಜಾಗಾ ಬೇಕು. ಕೊಡ್ತೀರೋ ಇಲ್ಲೋ, ಊರ ಮುಂದ ಹೇಳಿಬಿಡ್ರಿ."

ಸಾಹೇಬರ ಮುಖ ಅರಳಿತು. ಊರಿನ ಒಬ್ಬ ಮುದುಕಿಗಾದರೂ ಉದ್ಯಾನದ ಮಹತ್ವ ತಿಳಿಯಿತಲ್ಲ.

"ಅಯ್ಯೋ, ಅದಕ್ಕೇನಂತೆ ಅಜ್ಜಿ. ಕೂರೋಕೆ ತಾನೇ? ಅದೇ ಜಾಗದಲ್ಲಿ ಮಾಡಿಸ್ಕೊಡ್ತೀನಿ. ಅದು ನಿಮ್ಮದೇ ಅಂದ್ಕೊಳ್ಳಿ. ಯಾವಾಗ ಬೇಕಾದ್ರೂ ಬನ್ನಿ."

"ನನಗೇನ ಅವಸರಿಲ್ಲರಿ."

"ಅವಸರ ಇಲ್ಲ ಅಂದ್ರೆ ಹೇಗೆ? ಬೇಗನೇ ಬನ್ನಿ. ನಾನೇ ನಿಂತು ಕೈ ಹಿಡಿದು ಕೂರಿಸ್ತೀನಿ."

ಸರಕಾರದ ದೊಡ್ಡ ಅಧಿಕಾರಿ, ಮುದುಕಿಯನ್ನು ಬೇಗ ಸಾಯಿ ಎಂದು ಇಷ್ಟು ನಗುನಗುತ್ತ ಕರೆಯುವುದನ್ನು ನಿಂತವರು ಯಾರೂ ಕಂಡಿರಲಿಲ್ಲ. ಅತ್ತೆ ಮಾತ್ರ ಕೈ ಮುಗಿದರು. ಅವರ ಕಣ್ಣಲ್ಲಿ ನೀರಿತ್ತು. ಇಬ್ಬರ ಮಾತೂ ಪೂರ್ತಿ ಅರ್ಥವಾದವರು ಅಲ್ಲಿ ಒಬ್ಬರೇ ಇದ್ದರು, ನನ್ನ ಗಂಡ. ಅವರ ಬಾಯಿ ತೆರೆಯಿತು. ಡಂಗುರದ ದಿನ ಒಮ್ಮೆ ಬಾಯಿ ತೆರೆದು ಆದದ್ದು ನೆನಪಾಯಿತೋ ಏನೋ, ಮುಚ್ಚಿಕೊಂಡಿತು. ಮನೆಗೆ ಬಂದ ಮೇಲೆ ನಾನು ಕೆದಕಿ ಕೇಳಿದೆ. "ನೋಡೋಣಂತ" ಅಂದರು.

ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು, ಸಾಹೇಬರು ಊರ ಮುಂದೆ ಮಾತು ಕೊಟ್ಟಿದ್ದಾರೆಂದು. ಅವರನ್ನು ಅಷ್ಟು ಹಗುರವಾಗಿ ನಾನು ನೋಡಿರಲಿಲ್ಲ. ಆ ದಿನಗಳಲ್ಲಿ ನನ್ನ ರೊಟ್ಟಿ ದಪ್ಪವಾದರೂ ಬಯ್ಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಆಳುಗಳು ಸಿಮೆಂಟು ಕಲಸಿಕೊಂಡು ಬೇವಿನ ಮರದ ಕೆಳಗೆ ಬಂದರು. ಸಂಜೆಯ ಹೊತ್ತಿಗೆ ಅಲ್ಲಿ ಬೆನ್ನು ಒರಗುವ ಒಂದು ಅಗಲವಾದ ಬೆಂಚು ಎದ್ದಿತ್ತು. ಸಾಹೇಬರು ಮಾತಿಗೆ ತಪ್ಪುವವರಲ್ಲ. ಒಂದು ಗೇಣೂ ಆಚೀಚೆ ಮಾಡದೆ ಅದೇ ಜಾಗದಲ್ಲಿ ಹಾಕಿಸಿದ್ದರು. ಅತ್ತೆ ಕಂದೀಲು ತೂಗುಹಾಕಲು ಹೋದವರು ಗೋಡೆ ಹಿಡಿದು ನಿಂತುಬಿಟ್ಟರು. ಕಚೇರಿಯಿಂದ ಮಗ ಬರುವವರೆಗೂ ನಿಂತೇ ಇದ್ದರು.

"ಇದೇನೋ ಇದು?"

"ಕುಂಡ್ರಾಕ ಬೇ" ಅಂದರು ನನ್ನ ಗಂಡ, ಬಹಳ ಸಣ್ಣ ದನಿಯಲ್ಲಿ.

ಅವತ್ತು ಅತ್ತೆ ಊಟ ಮಾಡಲಿಲ್ಲ. ನಾನು ಎರಡು ಸಲ ತಾಟು ಒಯ್ದು ಮುಂದಿಟ್ಟೆ, ಎರಡು ಸಲ ಹಿಂದೆ ತಂದೆ. ಬಹಳ ಸಂಕಟವಾಯಿತು ನನಗೆ. ಅದುವರೆಗೆ ಆ ಜಾಗ ಗುಡಿಸುವಾಗೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವತ್ತು ಮಾತ್ರ ಆ ಬೆಂಚು ನನ್ನ ಎದೆಯ ಮೇಲೇ ಕೂತ ಹಾಗಿತ್ತು.

ಮರುದಿನ ಸಂಜೆ ಅತ್ತೆ ಕಂದೀಲು ಹಚ್ಚಿಕೊಂಡು, ಸುತ್ತುಹಾಕಿ ಗೇಟಿನಿಂದಲೇ ಒಳಗೆ ಹೋಗಿ ಆ ಬೆಂಚಿನ ಮೇಲೆ ಕೂತರು. ಕಂದೀಲು ಪಕ್ಕದಲ್ಲಿಟ್ಟುಕೊಂಡರು. ಅಂದಿನಿಂದ ಒಂದು ಸಂಜೆಯೂ ತಪ್ಪಿಸಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. "ಜೀವ ಇರೂತನಾ ಮ್ಯಾಲ ಕುಂಡ್ರತೇನಿ. ಹೋದ ಮ್ಯಾಲ ಕೆಳಗ ಕುಂಡ್ರತೇನಿ. ಅವರು ಬೆಂಚ ಎತ್ತಿಸಿದ್ರ ಆತು. ಮಾತ ಕೊಟ್ಟಾರ" ಎಂದು ನನಗೆ ಹೇಳಿದರು. ಸಾಹೇಬರು ಬಿಜಾಪುರದಿಂದ ಬಂದ ದೊಡ್ಡವರಿಗೆಲ್ಲ ಅವರನ್ನು ದೂರದಿಂದ ತೋರಿಸುತ್ತಿದ್ದರು. ನೋಡಿ, ಹಿರಿಯರು ಹೇಗೆ ಉದ್ಯಾನದ ಸದುಪಯೋಗ ಮಾಡಿಕೊಳ್ಳುತ್ತಿದ್ದಾರೆ ಎಂದು.

ಉದ್ಘಾಟನೆಯೂ ಆಯಿತು. ಗೇಟಿನಲ್ಲಿ 'ಇಲ್ಲಿ ಹೂಳುವುದನ್ನು ಹಾಗೂ ಉಗುಳುವುದನ್ನು ನಿಷೇಧಿಸಲಾಗಿದೆ' ಎಂದು ಫಲಕ ಬಂತು. ಕಾವಲುಗಾರನ ಕೋಣೆಗೆ ಬಣ್ಣ ಹೊಡೆದು ವಸ್ತುಸಂಗ್ರಹಾಲಯ ಮಾಡಿದ್ದರು. ಒಳಗೆ ಒಡೆದ ವೀರಗಲ್ಲು, ತುಕ್ಕು ಹಿಡಿದ ಕತ್ತಿ, ತಲೆಕೆಳಗಾಗಿ ನಿಲ್ಲಿಸಿದ ಫಾರಸಿ ಬರಹದ ಕಲ್ಲು. ಮಧ್ಯದಲ್ಲಿ, ಮೆರುಗೆಣ್ಣೆ ಹಚ್ಚಿಸಿಕೊಂಡು, ಸಾಗವಾನಿಯ ಒಂದು ಕುರ್ಚಿಯಂಥದ್ದು. ಅದು ನಮ್ಮ ಸಮಾಜದ ವಿಮಾನ. ಅಂದರೆ ಸತ್ತವರನ್ನು ಕುಳ್ಳಿರಿಸಿ ಹೊತ್ತೊಯ್ಯುವುದು. ಕೋಣೆಯ ಮೂಲೆಯಲ್ಲಿ ಮೊದಲಿನಿಂದಲೂ ಇರುತ್ತಿತ್ತು. ಸಾಹೇಬರು ಅದರ ಮುಂದೆ 'ರಾಜವಂಶದ ಪಲ್ಲಕ್ಕಿ, ಬಹುಶಃ ಆದಿಲಶಾಹಿ ಕಾಲ' ಎಂದು ಬರೆಸಿಟ್ಟಿದ್ದರು. ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ಪಲ್ಲಕ್ಕಿಯಲ್ಲಿ ಕೂತು, ಹೂವಿನ ಹಾರ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡೆವು. "ಇಷ್ಟ ಖುಷಿಲೆ ಅದನ್ನ ಏರಿದಾವ್ರನ್ನ ನಾ ನೋಡಿದ್ದಿಲ್ಲ ನೋಡವಾ" ಎಂದರು ಅತ್ತೆ ನನ್ನ ಕಿವಿಯಲ್ಲಿ.

ಅದಾದ ಮುಂದಿನ ಬೇಸಿಗೆಯಲ್ಲಿ, ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿದು ಬಂದು, ಮಜ್ಜಿಗೆ ಕೇಳಿ, ನಾನು ತರುವಷ್ಟರಲ್ಲಿ ಅತ್ತೆ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು. ಕೂತಲ್ಲೇ. ನಾನು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ. ದಿನಾ ಜಗಳಾಡಿದ್ದೆವು, ನಿಜ. ಆದರೆ ಜಗಳಾಡಲು ಆ ಮನೆಯಲ್ಲಿ ನನಗೆ ಬೇರೆ ಯಾರಿದ್ದರು?

ಗಂಡ ಸಾಹೇಬರ ಹತ್ತಿರ ಹೋಗಿ ಬಂದರು. ಸಾಹೇಬರು ಬಹಳ ನೊಂದುಕೊಂಡರಂತೆ. ರಜೆ ಕೊಟ್ಟರು. ಎಷ್ಟು ದಿನ ಬೇಕಾದರೂ ತಗೊಳ್ಳಿ ಅಂದರು. ಆದರೆ ಹೂಳುವ ವಿಷಯ ಬಂದಾಗ, ನಿಮ್ಮ ತಾಯಿಗೆಂದು ಒಮ್ಮೆ ಬಿಟ್ಟರೆ ನಾಳೆ ಊರೆಲ್ಲ ಕೇಳುತ್ತದೆ, ನೀವೇ ನಮ್ಮ ನೌಕರರು, ನೀವೇ ಹೀಗಂದರೆ ಹೇಗೆ ಎಂದರು.

"ನೀವೇನಂದ್ರಿ?" ಎಂದು ಕೇಳಿದೆ.

"ಹೌದ್ರಿ ಅಂದೆ."

ನಾನು ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರು ಎಲ್ಲ ಕೇಳಿಸಿಕೊಂಡು ತಾಯಿಯ ಮುಖವನ್ನೇ ನೋಡುತ್ತ, "ನೋಡೋಣಂತ" ಅಂದರು. ಆ ಮಾತು ನನಗೆ ಹಳೆಯದೇ. ಹೇಳಿದ ರೀತಿ ಮಾತ್ರ ಹೊಸದಾಗಿತ್ತು.

ಲಿಂಬೆ ತೋಟದ ಧಣಿಗಳು ನೋಡಲು ಬಂದವರು ವಸ್ತುಸಂಗ್ರಹಾಲಯದ ಬೀಗ ತೆಗೆಸಿ ವಿಮಾನ ತರಿಸಿದರು. ಮೆರುಗೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅತ್ತೆಯನ್ನು ಅದರಲ್ಲಿ ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವು ಮುಡಿಸಿ, ಬಿಸಿಲು ಇಳಿದ ಮೇಲೆ ಎತ್ತಿದರು. ಹಳ್ಳದ ಆಚೆ ಹೋಗಲು ದಾರಿ ಬಲಕ್ಕೆ. ಮುಂದೆ ಹೆಗಲು ಕೊಟ್ಟಿದ್ದ ನನ್ನ ಗಂಡ ಎಡಕ್ಕೆ ತಿರುಗಿದರು. ಭಜನೆಯವರು ಒಂದು ಕ್ಷಣ ತಡವರಿಸಿ, ತಾಳ ಬಿಡದೆ ಅವರ ಹಿಂದೆಯೇ ನಡೆದರು. ನಾನು ಹೆಂಗಸರ ಗುಂಪು ಬಿಟ್ಟು, ಹಿತ್ತಲಿಗೆ ಓಡಿ ಗೋಡೆ ಹಿಡಿದು ನಿಂತೆ.

ಅವರು ಉದ್ಯಾನದ ಗೇಟು ದಾಟಿ, ಗುಲಾಬಿ ಮಡಿಗಳ ನಡುವೆ ಹಾಯ್ದು, ಬೇವಿನ ಮರದ ಕೆಳಗೆ ಬಂದು ವಿಮಾನ ಇಳಿಸಿದರು. ನನ್ನ ಗಂಡ ಮತ್ತು ಇನ್ನಿಬ್ಬರು ಅತ್ತೆಯನ್ನು ಎತ್ತಿ ಬೆಂಚಿನ ಮೇಲೆ, ಬೆನ್ನಿಗೆ ಆಸರೆಯಾಗಿ, ದಿನಾ ಕೂಡುತ್ತಿದ್ದ ಹಾಗೆಯೇ ಕುಳ್ಳಿರಿಸಿದರು. ಎಲ್ಲರೂ ಹಿಂದೆ ಸರಿದು ನಿಂತರು. ಭಜನೆ ನಿಂತಿತು.

ಸಾಹೇಬರು ಕಚೇರಿಯಿಂದ ಏದುಸಿರು ಬಿಡುತ್ತ ಬಂದರು. "ಏನ್ರೀ ಇದು? ಇಲ್ಲಿ ಹೂಳೋ ಹಾಗಿಲ್ಲ ಅಂತ ಬೋರ್ಡಿದೆ."

"ಹೂಳಿಲ್ಲರಿ" ಅಂದರು ನನ್ನ ಗಂಡ. "ಕುಂಡ್ರಿಸೇವಿ. ಕುಂಡ್ರಬಾರದು ಅಂತ ಬೋರ್ಡಿಲ್ಲರಿ."

"ಎತ್ತಿ ಮೊದಲು."

"ನೀವ ಜಾಗಾ ಕೊಡ್ತೇನಿ ಅಂದ್ರಿ. ನಿಮ್ಮದ ಅಂದ್ಕೊಳ್ರಿ ಅಂದ್ರಿ. ಬೇಗ ಬರ್ರಿ ಅಂದ್ರಿ, ಕೈ ಹಿಡದ ಕುಂಡ್ರಸ್ತೇನಿ ಅಂದ್ರಿ. ನಮ್ಮವ್ವ ಬಂದು ಕುಂತಾಳ." ಈ ಸಲ ಅವರು ನೆಲ ನೋಡಲಿಲ್ಲ. "ನಾವ್ಯಾರೂ ಎಬ್ಬಸಂಗಿಲ್ಲರಿ. ನೀವ ಕೈ ಹಿಡದ ಎಬ್ಬಸ್ರಿ."

ಸಾಹೇಬರು ಸುತ್ತ ನೋಡಿದರು. ಊರೇ ನಿಂತಿತ್ತು, ಮಣ್ಣು ಕೊಡಲು ಕರೆದ ದಿನ ನಿಂತ ಹಾಗೆ. ಧಣಿಗಳು, "ನೀವು ಮಾತ ಕೊಟ್ಟಿದ್ದನ್ನ ನಾನೂ ಕೇಳೇನ್ರಿ. ಆವತ್ತ ನಾನೂ ಇದ್ದೆ, ಸತ್ತಿದ್ರೂ" ಅಂದರು. ಸಾಹೇಬರು ಅತ್ತೆಯ ಕಡೆ ತಿರುಗಿದರು. ವಿಭೂತಿ ಹಚ್ಚಿದ ಹಣೆ, ಮಡಿಲಲ್ಲಿ ಕೈ, ದೂರದಿಂದ ಎಷ್ಟೋ ಜನರಿಗೆ ತೋರಿಸಿದ್ದ ಅದೇ ಅಜ್ಜಿ. ಆಮೇಲೆ ಚಪ್ಪಲಿ ಬಿಟ್ಟರು.

ಬೆಂಚನ್ನು ಹಾರೆ ಹಾಕಿ ಎಬ್ಬಿಸಿ ಪಕ್ಕಕ್ಕೆ ಸರಿಸಲು ಬಳೆ ಸಾಬರೂ ಕೈ ಹಚ್ಚಿದರು. ಕುಣಿ ತೋಡಿ, ಅತ್ತೆಯನ್ನು ಮಾವನವರ ಎಡಕ್ಕೆ ಕುಳ್ಳಿರಿಸಿದರು. ಜನ ಸಾಲು ಹಿಡಿದು ಹಿಡಿ ಹಿಡಿ ಮಣ್ಣು ಹಾಕಿದರು. ಗುಲಾಬಿ ಮಡಿಯ ಎರೆಮಣ್ಣೇ ಕೈಗೆ ಸಿಕ್ಕಿತು. ಸಾಲಿನ ಕೊನೆಗೆ ಸಾಹೇಬರು ಬಂದರು. ಬಗ್ಗಿ, ಒಂದು ಹಿಡಿ ತೆಗೆದುಕೊಂಡು ಹಾಕಿದರು. ಕೈ ಒರೆಸಿಕೊಳ್ಳದೆ ನನ್ನ ಗಂಡನ ಪಕ್ಕ ಬಂದು ನಿಂತು ಮೆಲ್ಲಗೆ ಕೇಳಿದರು, ಗೋಡೆಯ ಈಚೆ ನನಗೂ ಕೇಳಿಸಿತು.

"ಇದಕ್ಕೇನ್ರೀ ನೀವು ಮಣ್ಣು ಕೊಡೋದು ಅನ್ನೋದು?"

"ಹೌದ್ರಿ."

"ಅವತ್ತೇ ನನಗೆ ಹೇಳಬಾರದಿತ್ತಾ?"

"ಹೇಳಿದ್ನಿರಿ" ಅಂದರು ನನ್ನ ಗಂಡ.

ಮಂದಿ ಚದುರಿದರು. ಹೊತ್ತು ಮುಳುಗುತ್ತಿತ್ತು. ಅಭ್ಯಾಸಬಲದಿಂದ ನಾನು ಒಳಗೆ ಹೋಗಿ ಕಂದೀಲಿನ ಗಾಜು ಒರೆಸಿ, ಬತ್ತಿ ಹಚ್ಚಿ, ಹಿತ್ತಲಿಗೆ ತಂದು ಬೇವಿನ ಟೊಂಗೆಗೆ ಕೈ ಚಾಚಿದೆ. ಆಮೇಲೆ ಅತ್ತೆ ಹೇಳಿದ್ದು ನೆನಪಾಯಿತು. ಬತ್ತಿ ಇಳಿಸಿ, ಆರಿಸಿ, ಕಂದೀಲನ್ನು ಒಳಗೆ ತಂದಿಟ್ಟೆ.